ಚಿಟಿಕೆಯ ಭಾನುವಾರ

ಹಳೆಯ ಮನೆ, ಅಡುಗೆಮನೆಯ ಮೇಜು
ಮಂಗಳವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ ಮೂರೂವರೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬಲಗಣ್ಣು ಹೇಗಿದೆ? ಪೊರೆ ತೆಗೆಸಿಕೊಂಡದ್ದು ನನಗೆ ಗೊತ್ತಾದದ್ದು ಆಪರೇಷನ್ ಆಗಿ ಆರು ದಿನವಾದ ಮೇಲೆ, ಅದೂ ಚಿಟಿಕೆಯ ಬಾಯಿಂದ. "ಅಜ್ಜಿ ಕಪ್ಪು ಕನ್ನಡಕ ಹಾಕ್ಕೊಂಡು ಪತ್ತೇದಾರಿ ಥರ ಓಡಾಡ್ತಾಳೆ, ಅಪ್ಪಾ" ಅಂದಳು. ಅವಳ ಮುಂದೆ ನಕ್ಕೆ. ಅವಳು ಸ್ನಾನಕ್ಕೆ ಹೋದಮೇಲೆ ಕುರ್ಚಿಯ ಮೇಲೆ ಕೂತೆ. ಹೆತ್ತ ತಾಯಿಯ ಕಣ್ಣಿನ ಸುದ್ದಿಯನ್ನು ಎಂಟು ವರ್ಷದ ಮಗಳಿಂದ ತಿಳಿದುಕೊಳ್ಳುವ ಹಾಗಾಯಿತಲ್ಲ ಎನ್ನಿಸಿತು. ದೂರುತ್ತಿಲ್ಲ. ನಿನ್ನ ಸೊಸೆ ಕನ್ನಡಕದ ಅಂಗಡಿಯಲ್ಲಿ ದಿನಕ್ಕೆ ಮೂವತ್ತು ಜನರ ಕಣ್ಣು ಪರೀಕ್ಷೆ ಮಾಡುವವಳು, ಒಳ್ಳೆಯ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋಗಿರುತ್ತಾಳೆ. ಹನಿ ಹಾಕುವುದನ್ನು ಮಾತ್ರ ಮರೆಯಬೇಡ. ನಿನಗೆ ಇನ್ನೂರು ಜನರ ಅಡುಗೆಯ ಲೆಕ್ಕ ನೆನಪಿರುತ್ತದೆ, ನಿನ್ನದೇ ಔಷಧಿ ನೆನಪಿರುವುದಿಲ್ಲ. ಮೊಣಕಾಲಿಗೆ ಆ ಹಸಿರು ಮುಲಾಮು ಹಚ್ಚುತ್ತಿದ್ದೀಯ ತಾನೆ? ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ, ನೀನೇ ಓದಬೇಕು ಅಂತ. ಯಾರ ಕೈಯಲ್ಲೂ ಓದಿಸಬೇಡ.

ಒಂಬತ್ತು ಸ್ಟಾಪು ಆಚೆ ಇರುವವಳಿಗೆ ಇವನೇಕೆ ಅಂಚೆಯಲ್ಲಿ ಕಾಗದ ಹಾಕಿದ ಎಂದು ಮೂಗು ಮುರಿಯುತ್ತಿರುತ್ತೀಯ. ಬೇರೆ ದಾರಿ ಎಲ್ಲಿ ಬಿಟ್ಟಿದ್ದೀಯ ಹೇಳು. ಫೋನು ಮಾಡಿದರೆ ನನ್ನ ಉಸಿರಿನ ಸದ್ದು ಕೇಳಿದ ಕೂಡಲೇ ನೀನು ಚಿಟಿಕೆಯ ಕೈಗೆ ಕೊಡುತ್ತೀಯ, ಒಂದು ಹಲೋ ಕೂಡ ಇಲ್ಲ. ಚಿಟಿಕೆಯ ಚೀಲದಲ್ಲಿ ಇಟ್ಟು ಕಳಿಸೋಣವೆಂದರೆ ನಾನೇ ಬರೆದ ನಿಯಮ ಅಡ್ಡ ಬರುತ್ತದೆ. ಬೇರೆಯಾಗುವಾಗ ಸಮಾಲೋಚಕಿಯ ಮುಂದೆ ಕೂತು ನಾನೂ ನಿನ್ನ ಸೊಸೆಯೂ ಸಹಿ ಹಾಕಿದ ಹಾಳೆಯಲ್ಲಿ ನಾಲ್ಕನೆಯದು ಅದೇ: ಮಗು ಅಂಚೆಯವನಲ್ಲ. ಅವಳ ಮೂಲಕ ಚೀಟಿ, ಮಾತು, ಸಿಟ್ಟು ಯಾವುದನ್ನೂ ಕಳಿಸುವಂತಿಲ್ಲ. ಆದ್ದರಿಂದ ಅಂಚೆ. ನಾಳಿದ್ದು ನಿನ್ನ ಕೈ ಸೇರುತ್ತದೆ.

ಒಂದು ವಿಷಯಕ್ಕೆ ನಿನ್ನ ಒಪ್ಪಿಗೆ ಬೇಕು ಅಮ್ಮಾ, ಚಿಟಿಕೆಯ ವಿಷಯ. ಬರುವ ಭಾನುವಾರದಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಾನು ನಿಮ್ಮ ಮನೆಗೆ ಬಂದು ಇರಬೇಕಾಗಿದೆ. ಭಾನುವಾರದ ಡ್ಯೂಟಿಯನ್ನು ರಾತ್ರಿ ಶಿಫ್ಟಿಗೆ ಬದಲಾಯಿಸಿಕೊಂಡಿದ್ದೇನೆ, ನಿನ್ನ ಸೊಸೆ ಒಪ್ಪಿದ್ದಾಳೆ. ನೀನು ಒಪ್ಪದಿದ್ದರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟೆ. ಇಲ್ಲದಿದ್ದರೆ "ಸುತ್ತಿ ಬಳಸಿ ಮಾತಾಡೋದು ನಿಮ್ಮಪ್ಪನಿಂದ ಬಂದಿದ್ದು" ಎನ್ನುತ್ತೀಯ. ಇನ್ನು ಯಾಕೆ ಎನ್ನುವುದನ್ನು ಬರೆಯುತ್ತೇನೆ. ಕಾಗದ ಮಡಚಿ ಡಬ್ಬಿಯ ಕೆಳಗೆ ಇಡುವ ಮೊದಲು ಅದನ್ನೊಂದು ಓದು.

ಈ ಮನೆಯ ಸುದ್ದಿ ಮೊದಲು. ನೀವು ಮೂವರೂ ಹೋಗಿ ನಾಳೆಗೆ ಐದು ತಿಂಗಳು. ಹೆಂಡತಿ ಬೇರೆ ಮನೆ ಮಾಡಿದರೆ ಗಂಡಸರಿಗೆ ತಾಯಿ ಬಂದು ಅನ್ನ ಬೇಯಿಸಿ ಹಾಕುತ್ತಾಳೆ ಎಂದು ಕೇಳಿದ್ದೆ. ನನ್ನ ತಾಯಿ ಸೊಸೆಯ ಹಿಂದೆ ಪೆಟ್ಟಿಗೆ, ರೇಡಿಯೊ ಎರಡನ್ನೂ ಎತ್ತಿಕೊಂಡು ಹೋದಳು. ಡಿಪೊದಲ್ಲಿ ಇದನ್ನು ಹೇಳಿದರೆ ಡ್ರೈವರುಗಳು ನಂಬಲಿಲ್ಲ, ನಂಬಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ಸೇರಿಕೊಂಡೆ. ಮನೆಗೆ ಬಂದಮೇಲೆ ನಗುವುದಕ್ಕೆ ಜೊತೆ ಯಾರೂ ಇರಲಿಲ್ಲ. ರೇಡಿಯೊ ಇದ್ದ ಕಡೆ ಕಪಾಟಿನ ಮೇಲೆ ಅದರಷ್ಟೇ ಅಗಲದ ಜಾಗ ಧೂಳಿಲ್ಲದೆ ಉಳಿದಿತ್ತು, ಈಗ ಅಲ್ಲಿಯೂ ಧೂಳು ಕೂತಿದೆ. ಒರೆಸುತ್ತೇನೆ, ಬೈಯಬೇಡ. ಅಡುಗೆ ಮಾತ್ರ ಕೈಗೆ ಹತ್ತಿಲ್ಲ. ನೀನು ಹಾಸ್ಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ದೊಡ್ಡ ಹಂಡೆಗಳ ಮುಂದೆ ನಿಂತವಳು, ನಾನು ನಿನ್ನ ಪಕ್ಕದಲ್ಲಿ ತರಕಾರಿ ಹೆಚ್ಚುತ್ತಾ ಬೆಳೆದವನು. ಒಬ್ಬನಿಗೆ ಎಷ್ಟು ಅಕ್ಕಿ ಎನ್ನುವುದು ನಮ್ಮ ಮನೆತನಕ್ಕೇ ಗೊತ್ತಿಲ್ಲ. ಭಾನುವಾರ ಬೇಯಿಸಿದ ಹುರುಳಿಕಾಯಿಯನ್ನು ಇವತ್ತೂ ತಿಂದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಡಿಪೊಗೆ ಹೋಗಿ, ಒಂದೂವರೆಗೆ ಬಂದು, ಊಟ ಮಾಡಿ, ಪಾತ್ರೆ ತೊಳೆದು, ಒಂದು ತಟ್ಟೆ ಒಂದು ಲೋಟ ಬೋರಲು ಹಾಕಿದರೆ ಆಮೇಲೆ ಈ ಮನೆಯಲ್ಲಿ ಮಾಡಲು ಏನೂ ಇರುವುದಿಲ್ಲ. ಕಿಟಕಿಯ ಹತ್ತಿರ ಕೂರುತ್ತೇನೆ. ನಾಲ್ಕು ಹತ್ತಕ್ಕೆ ನಿಮ್ಮ ಕಡೆ ಹೋಗುವ ಹದಿನಾಲ್ಕನೇ ನಂಬರು ಹಾದುಹೋಗುತ್ತದೆ. ಆ ಗಾಡಿಗೆ ಡ್ಯೂಟಿ ಹಾಕಿದವನು ನಾನೇ, ಡ್ರೈವರು ಯಾರು, ಕಂಡಕ್ಟರು ಯಾರು ಎಲ್ಲ ಗೊತ್ತು. ಹತ್ತುವುದೊಂದು ಬಿಟ್ಟು ಅದರ ಎಲ್ಲ ವಿಷಯವೂ ಗೊತ್ತು. ಒಂಟಿತನ ಎಂದರೆ ಏನೋ ದೊಡ್ಡದು ಅಂದುಕೊಂಡಿದ್ದೆ ಅಮ್ಮಾ. ಹಾಗೇನಿಲ್ಲ. ಸಂಜೆ ಐದಕ್ಕೆ ಬಾಯಿ ಒಣಗಿದ ಹಾಗಾಗಿ, ಇವತ್ತು ಮನೆಗೆ ಬಂದಮೇಲೆ ಒಂದು ಮಾತೂ ಆಡಿಲ್ಲವಲ್ಲ ಎಂದು ನೆನಪಾಗುತ್ತದೆ, ಅಷ್ಟೆ. ಆಗ ನಲ್ಲಿಯನ್ನೋ ಬಾಗಿಲನ್ನೋ ಬೈಯುತ್ತೇನೆ.

ಬುಧವಾರ ಬಂತೆಂದರೆ ಬೇರೆ ಮನುಷ್ಯ. ಬುಧವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಚಿಟಿಕೆ ನನ್ನವಳು. ಡಿಪೊ ಮ್ಯಾನೇಜರು ಆ ದಿನಗಳಿಗೆ ಹಗಲಿನ ಶಿಫ್ಟು ಕೊಟ್ಟಿದ್ದಾರೆ, ಶನಿವಾರ ನನ್ನ ವಾರದ ರಜೆ. ಶಾಲೆಯ ಗೇಟಿನಲ್ಲಿ ಅರ್ಧ ಗಂಟೆ ಮುಂಚೆಯೇ ಹೋಗಿ ನಿಲ್ಲುತ್ತೇನೆ. ಅವಳು ಹುಟ್ಟಿದಾಗ ಅಂಗೈಯಷ್ಟಿದ್ದಳು, ನೀನು "ಚಿಟಿಕೆಯಷ್ಟಿದೆಯಲ್ಲೋ" ಎಂದಿದ್ದೆ, ಆ ಹೆಸರೇ ನಿಂತಿತು. ಈಗ ನೋಡಿದರೆ ಚೀಲ ಅವಳನ್ನು ಹೊತ್ತಿದೆಯೋ ಅವಳು ಚೀಲವನ್ನು ಹೊತ್ತಿದ್ದಾಳೋ ತಿಳಿಯುವುದಿಲ್ಲ. ಜಡೆ ಹಾಕುವುದನ್ನು ಕಲಿತಿದ್ದೇನೆ. ನಮ್ಮ ಕಂಡಕ್ಟರಮ್ಮ ಒಬ್ಬರು ವಿಶ್ರಾಂತಿ ಕೋಣೆಯಲ್ಲಿ ಕುರ್ಚಿಯ ಬೆನ್ನಿಗೆ ಮೂರು ಸೆಣಬಿನ ಹಗ್ಗ ಕಟ್ಟಿ ಹೇಳಿಕೊಟ್ಟರು. ಸುತ್ತ ಹನ್ನೆರಡು ಜನ ಡ್ರೈವರುಗಳು ನಿಂತು "ಎಡಕ್ಕೆ ತಗೋ, ಹಿಂದೆ ಗಾಡಿ ಇದೆ ನೋಡ್ಕೋ" ಅಂತ ದಾರಿ ತೋರಿಸಿದರು. ಮೊದಲ ದಿನ ಚಿಟಿಕೆ ಕನ್ನಡಿಯಲ್ಲಿ ನೋಡಿಕೊಂಡು, ಪರವಾಗಿಲ್ಲ ಅಪ್ಪಾ, ಟೋಪಿ ಹಾಕ್ಕೋತೀನಿ ಅಂದಳು. ಈಗ ಟೋಪಿ ಬೇಕಿಲ್ಲ. ಕಳೆದ ವಾರ ಅವಳ ಗೆಳತಿಯ ತಾಯಿ ಯಾರು ಹಾಕಿದ್ದು ಅಂತ ಕೇಳಿದರಂತೆ. ಆ ಒಂದು ಮಾತಿನಲ್ಲಿ ನಾನು ಎರಡು ದಿನ ಬದುಕಿದೆ.

ಈಗ ಚಾರ್ಟಿನ ವಿಷಯ. ನಿನಗೆ ಗೊತ್ತಿರುವ ಹಾಗೆ ಇಪ್ಪತ್ತೆರಡು ವರ್ಷದಿಂದ ಡ್ಯೂಟಿ ಚಾರ್ಟು ಬರೆಯುವುದೇ ನನ್ನ ಕೆಲಸ. ಎಡಗಡೆಯ ಕಾಲಮ್ಮಿನಲ್ಲಿ ಗಾಡಿಯ ನಂಬರು, ಬಲಗಡೆ ವಾರದ ಏಳು ದಿನ, ಒಂದೊಂದು ಚೌಕದಲ್ಲಿ ಆವತ್ತು ಆ ಗಾಡಿ ಯಾರ ಕೈಯಲ್ಲಿ, ಎಷ್ಟು ಗಂಟೆಗೆ ಯಾರಿಂದ ಯಾರಿಗೆ. ಬೇರೆಯಾಗುವುದು ಎಂದು ಗಟ್ಟಿಯಾದಾಗ ನಿನ್ನ ಸೊಸೆ ಅಳುತ್ತಿದ್ದಳು, ಚಿಟಿಕೆ ಅಳುತ್ತಿದ್ದಳು, ನನಗೆ ಅಳುವುದಕ್ಕೂ ಬರಲಿಲ್ಲ, ಸಮಾಧಾನ ಮಾಡುವುದಕ್ಕೂ ಬರಲಿಲ್ಲ. ಚೌಕದ ಹಾಳೆ ತೆಗೆದುಕೊಂಡು ಕೂತು ಚಾರ್ಟು ಬರೆದೆ. ಅಮ್ಮನ ದಿನಗಳು ಕೆಂಪು, ಅಪ್ಪನ ದಿನಗಳು ನೀಲಿ. ಬುಧವಾರ ಬೆಳಿಗ್ಗೆ ಅವಳು ಶಾಲೆಗೆ ಬಿಡುವುದು, ಸಂಜೆ ನಾನು ಕರೆದುಕೊಳ್ಳುವುದು. ಶನಿವಾರ ಸಂಜೆ ಐದಕ್ಕೆ ಲೈಬ್ರರಿಯ ಮಕ್ಕಳ ಕೋಣೆಯಲ್ಲಿ ನಾನು ಒಪ್ಪಿಸುವುದು. ಡಿಪೊದಲ್ಲಿ ಮುಂದಿನವನು ಬಂದು ಗಾಡಿ ಹತ್ತುವ ತನಕ ಹಿಂದಿನವನು ಇಳಿಯುವಂತಿಲ್ಲ, ಅದಕ್ಕೆ ಐದು ನಿಮಿಷ ಇಬ್ಬರೂ ಇರಬೇಕು. ಇಲ್ಲಿಯೂ ಹಾಗೇ ಐದು ನಿಮಿಷ ಹಾಕಿದೆ. ವಾರದಲ್ಲಿ ನಾನೂ ನಿನ್ನ ಸೊಸೆಯೂ ಮುಖ ನೋಡುವುದು ಆ ಐದು ನಿಮಿಷ ಮಾತ್ರ. ಬೊಂಬೆ ಪುಸ್ತಕಗಳ ಕಪಾಟಿನ ಪಕ್ಕದ ಚಿಕ್ಕ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತು ಕೆಮ್ಮು, ಹೋಮ್‌ವರ್ಕು, ಸಡಿಲವಾದ ಹಲ್ಲು ಇಷ್ಟನ್ನೇ ಮಾತಾಡುತ್ತೇವೆ. ಅವಳು ಸಣ್ಣಗಾಗಿದ್ದಾಳೆ. ಅದನ್ನು ಕೇಳಬಾರದು, ಕೇಳುವುದಿಲ್ಲ. ಸಮಾಲೋಚಕಿ ಚಾರ್ಟು ನೋಡಿ, ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಿಕೊಂಡು ಬಂದಿಲ್ಲ ಎಂದರು. ನನಗೆ ಹೆಮ್ಮೆಯಾಯಿತು. ನಾಚಿಕೆಯಾಗಬೇಕಿದ್ದ ಜಾಗದಲ್ಲಿ ಹೆಮ್ಮೆಪಡುವುದರಲ್ಲಿ ನಾನು ಎತ್ತಿದ ಕೈ.

ಹೋದ ಗುರುವಾರ ಸಂಜೆ ಚಿಟಿಕೆ ಇದೇ ಮೇಜಿನ ಎದುರಿಗೆ ಕೂತು ಹಾಲು ಕುಡಿಯುತ್ತಿದ್ದಳು. ನಾನು ಮುಂದಿನ ತಿಂಗಳ ಚಾರ್ಟಿಗೆ ಗೆರೆ ಹಾಕುತ್ತಿದ್ದೆ. ಅವಳಿಗೆ ಚಾರ್ಟು ಓದುವುದು ಗೊತ್ತು, ರಜಾದಿನಗಳಲ್ಲಿ ಡಿಪೊಗೆ ಕರೆದುಕೊಂಡು ಹೋದಾಗ ನಾನೇ ಕಲಿಸಿದ್ದೇನೆ. ಬಹಳ ಹೊತ್ತು ತಲೆ ಓರೆ ಮಾಡಿ ನೋಡಿದಳು. ಆಮೇಲೆ ಎಡಗಡೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ಕೇಳಿದಳು: "ಅಪ್ಪಾ, ನಾನು ಬಸ್ಸಾ?"

ಗಾಡಿಯ ನಂಬರು ಬರೆಯುವ ಜಾಗದಲ್ಲಿ ನಾನು ಅವಳ ಹೆಸರು ಬರೆದಿದ್ದೆ ಅಮ್ಮಾ. ಐದು ತಿಂಗಳಿಂದ ಹಾಗೇ ಬರೆದಿದ್ದೇನೆ. ಕೈ ಅದರ ಪಾಡಿಗೆ ಬರೆದಿದೆ, ನಾನು ನೋಡಿಲ್ಲ, ನಿನ್ನ ಸೊಸೆ ನೋಡಿಲ್ಲ, ಸಮಾಲೋಚಕಿ ನೋಡಿಲ್ಲ. ಇಲ್ಲ ಕಂದಾ, ಅದು ಸುಮ್ಮನೆ ಬರೆಯೋ ಜಾಗ ಅಂದೆ. ಅವಳು ಬಿಡಲಿಲ್ಲ. ನಿನಗೆ ಶನಿವಾರ ಆಫ್ ಇದೆ, ಅಮ್ಮನಿಗೆ ಭಾನುವಾರ ಅಂಗಡಿ ಮುಚ್ಚಿರುತ್ತೆ, ನಂಗೆ ಯಾವತ್ತು ಆಫ್ ಅಂತ ಕೇಳಿದಳು. ನಿನಗೂ ಶಾಲೆಗೆ ರಜಾ ಇರುತ್ತಲ್ಲ ಅಂದೆ. "ಶಾಲೆದಲ್ಲ ಅಪ್ಪಾ. ಅಮ್ಮನ ಹತ್ರ ಇದ್ದಾಗ ನಿನ್ನ ನೆನಪು ಮಾಡ್ಕೋಬೇಕು. ನಿನ್ನ ಹತ್ರ ಇದ್ದಾಗ ಅಮ್ಮನ್ನೂ ಅಜ್ಜೀನೂ ನೆನಪು ಮಾಡ್ಕೋಬೇಕು. ಒಂದಿನ ಯಾರನ್ನೂ ನೆನಪು ಮಾಡ್ಕೊಳ್ದೆ ಇರ್ಬೇಕು. ಅದು ಆಫ್." ಇಷ್ಟು ಹೇಳಿ ಹಾಲಿನ ಲೋಟ ತೊಳೆದಿಟ್ಟು ಹಲ್ಲುಜ್ಜಲು ಹೋದಳು. ನಾನು ಪೆನ್ಸಿಲ್ಲು ಹಿಡಿದುಕೊಂಡೇ ಕೂತಿದ್ದೆ. ಇಷ್ಟು ದಿನ ಅವಳನ್ನು ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಮುಟ್ಟಿಸಿದರೆ ಅಪ್ಪನ ಕೆಲಸ ಮುಗಿಯಿತು ಅಂದುಕೊಂಡಿದ್ದವನು ನಾನು. ಆವತ್ತು ಇನ್ನೊಂದು ನೋಡಿದೆ. ಹಲ್ಲುಜ್ಜಿ ಬಂದವಳು ಬ್ರಷ್ಷನ್ನು ಲೋಟಕ್ಕೆ ಹಾಕಲಿಲ್ಲ. ಒರೆಸಿ, ಡಬ್ಬಿಗೆ ಹಾಕಿ, ಚೀಲದ ಪಕ್ಕದ ಜೇಬಿನಲ್ಲಿ ಇಟ್ಟು ಜಿಪ್ಪು ಎಳೆದಳು. ಅವಳಿಗೆಂದು ಹಳದಿ ಲೋಟ ತಂದು ಇಟ್ಟಿದ್ದೇನೆ. ಅದು ಐದು ತಿಂಗಳಿಂದ ಒಣಗಿಯೇ ಇದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹೋಟೆಲಿಗೆ ಬಂದವರು ಹಾಗೆ ಮಾಡುತ್ತಾರೆ.

ಶನಿವಾರದ ಐದು ನಿಮಿಷದಲ್ಲಿ ನಿನ್ನ ಸೊಸೆಯನ್ನು ಕೇಳಿದೆ, ನಿಮ್ಮ ಮನೆಯಲ್ಲಿ ಬ್ರಷ್ಷು ಎಲ್ಲಿಡುತ್ತಾಳೆ ಅಂತ. ಕಣ್ಣು ಪರೀಕ್ಷೆ ಮಾಡುವಾಗ ನೋಡುತ್ತಾಳಲ್ಲ, ಹಾಗೆ ನೋಡಿದಳು. ಆಮೇಲೆ ಕಪಾಟಿನ ಕಡೆ ತಿರುಗಿ, ಚೀಲದಲ್ಲೇ ಎಂದಳು. ಐದು ತಿಂಗಳಲ್ಲಿ ಮೊದಲ ಸಲ ನಮ್ಮಿಬ್ಬರಿಗೂ ಒಂದೇ ವಿಷಯ ಒಂದೇ ಹೊತ್ತಿನಲ್ಲಿ ಅರ್ಥವಾಯಿತು. ನಾನು ಜೇಬಿನಿಂದ ಚಿಟಿಕೆಯ ಚಾರ್ಟು ತೆಗೆದು ತೋರಿಸಿದೆ. ಶುಕ್ರವಾರ ಅವಳೇ ಬರೆದದ್ದು, ಸ್ಕೇಲು ಹಿಡಿದು, ಹಸಿರು ಬಣ್ಣದಲ್ಲಿ. ಒಂದೇ ದಿನದ ಚಾರ್ಟು, ಭಾನುವಾರದ್ದು. ಅದರಲ್ಲಿ ಹೀಗಿದೆ: ಚಿಟಿಕೆ, ಆಫ್. ಅಮ್ಮ, ಮನೇಲಿ ಇರೋದು. ಅಪ್ಪ, ಬರೋದು. ಅಜ್ಜಿ, ಬೈಬಾರದು. ಕೊನೆಯ ಸಾಲು ಓದಿ ನಿನ್ನ ಸೊಸೆ ನಕ್ಕುಬಿಟ್ಟಳು. ಲೈಬ್ರರಿಯವರು ತಲೆಯೆತ್ತಿ ನೋಡಿದರು. ನಗು ನಿಂತ ಮೇಲೆ ಹಾಳೆಯನ್ನು ನಾಲ್ಕಾಗಿ ಮಡಚಿ ನನಗೇ ವಾಪಸು ಕೊಟ್ಟು ಹೇಳಿದಳು: "ನಂದೇನೂ ಅಭ್ಯಂತರ ಇಲ್ಲ. ನೀವು ಬಂದ್ರೆ ನಾನು ಮನೆ ಬಿಟ್ಟು ಹೋಗೋದಿಲ್ಲ, ಬಾಯಿಗೆ ಬೀಗ ಹಾಕ್ಕೊಂಡು ಕೂರೋದೂ ಇಲ್ಲ, ಮಗು ಮುಂದೆ ಮಾಮೂಲಿನ ಹಾಗೆ ಇರ್ತೀನಿ. ಆದರೆ ನಿಮ್ಮಮ್ಮನ್ನ ನೀವೇ ಕೇಳ್ಬೇಕು. ಅದನ್ನ ನಾನು ಹೊರೋದಿಲ್ಲ." ಐದು ನಿಮಿಷದ ಮೇಲೆ ಎರಡು ನಿಮಿಷ ಆಗಿತ್ತು. ಚಿಟಿಕೆ ನಮ್ಮಿಬ್ಬರ ಮುಖವನ್ನೂ ನೋಡುತ್ತಾ ಪುಸ್ತಕದ ಹಿಂದೆ ಅಡಗಿಕೊಂಡಿದ್ದಳು. ಪುಸ್ತಕ ತಲೆಕೆಳಗಾಗಿತ್ತು.

ನಮ್ಮ ಮನೆಯಲ್ಲೇ ಮಾಡಬಹುದಲ್ಲ ಎಂದು ಚಿಟಿಕೆಯನ್ನು ಕೇಳಿದ್ದೆ. "ಅಜ್ಜಿ ಈ ಮನೆಗೆ ಬರಲ್ಲ ಅಂದಿದಾಳಲ್ಲ. ಅಜ್ಜಿ ಇಲ್ದಿದ್ರೆ ಮತ್ತೆ ನೆನಪು ಮಾಡ್ಕೋಬೇಕಾಗುತ್ತೆ" ಅಂದಳು. ಅಲ್ಲಿಗೆ ಮುಗಿಯಿತು. ನಿನ್ನ ಮೊಮ್ಮಗಳು ವಾದದಲ್ಲಿ ನಿನ್ನನ್ನೂ ಮೀರಿಸುತ್ತಾಳೆ.

ಹೀಗಾಗಿ ಎಲ್ಲ ನಿನ್ನ ಕೈಯಲ್ಲಿದೆ. ನೀನು ಪೆಟ್ಟಿಗೆ ಹಿಡಿದು ಈ ಮನೆಯ ಬಾಗಿಲಲ್ಲಿ ನಿಂತು ಹೇಳಿದ ಮಾತು ನನಗೆ ಮರೆತಿಲ್ಲ. "ಆವತ್ತು ಬರದೇ ಇದ್ದೋನು ಇನ್ನು ಯಾವತ್ತು ಬಂದ್ರೂ ನಂಗೆ ಒಂದೇ" ಅಂದೆ. ಯಾವತ್ತು ಎಂದು ನೀನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಎರಡು ವರ್ಷದ ಹಿಂದಿನ ಆ ದಿನ. ನಿನ್ನ ಸೊಸೆಗೆ ಐದು ತಿಂಗಳಾಗಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ನೀನು ಆಸ್ಪತ್ರೆಯಿಂದ ಡಿಪೊಗೆ ಫೋನು ಮಾಡಿ, ಮಗು ಉಳಿಯಲಿಲ್ಲ ಕಣೋ, ಬೇಗ ಬಾ ಎಂದೆ. ಬರುತ್ತೇನೆ ಎಂದೆ. ಆವತ್ತೇ ನಲವತ್ತೆರಡು ರೂಟುಗಳ ಹೊಸ ವೇಳಾಪಟ್ಟಿ ಜಾರಿಗೆ ಬರುವ ದಿನ. ನೀನು ಅವಳನ್ನು ಮನೆಗೆ ಕರೆತಂದ ಮೇಲೆ, ಸಂಜೆ ಏಳಕ್ಕೆ ಬಂದು, ಡ್ಯೂಟಿ ಬಿಡಲಿಲ್ಲ ಎಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳು ನನ್ನ ಕಡೆ ತಿರುಗಲು ಒಂದೂವರೆ ವರ್ಷ ಕಾದಳು ಅಮ್ಮಾ, ನಾನು ಏನಾದರೂ ಹೇಳುತ್ತೇನೆಂದು. ನಾನು ಚಿಟಿಕೆಯ ಶಾಲೆ, ಗ್ಯಾಸು, ನೀರಿನ ಬಿಲ್ಲು ಇವನ್ನೇ ಮಾತಾಡಿದೆ. ಆಮೇಲೆ ಅವಳು ಕಾಯುವುದನ್ನು ಬಿಟ್ಟಳು. ಅವಳದ್ದು ತಪ್ಪಿಲ್ಲ. ನೀನು ಅವಳ ಜೊತೆ ಹೋದದ್ದೂ ತಪ್ಪಲ್ಲ. ಅವಳ ಅಮ್ಮ ಇದ್ದಿದ್ದರೆ ಕರೆದುಕೊಂಡು ಹೋಗುತ್ತಿದ್ದರು, ಅವರಿಲ್ಲ, ನೀನು ಹೋದೆ. ಸಿಟ್ಟು ಬಂದ ದಿನಗಳಲ್ಲಿ ನಿನ್ನ ಮೇಲೂ ಕೂಗಾಡಿದ್ದೇನೆ, ಖಾಲಿ ಮನೆಯಲ್ಲಿ. ಸಿಟ್ಟು ಇಳಿದ ದಿನಗಳಲ್ಲಿ, ಸದ್ಯ ಅವಳ ಜೊತೆ ಅಮ್ಮ ಇದ್ದಾಳೆ ಅನ್ನಿಸಿದೆ.

ನನ್ನನ್ನು ಮಾತಾಡಿಸು ಎಂದು ಕೇಳುತ್ತಿಲ್ಲ. ನಾನು ಬಂದಾಗ ನೀನು ಅಡುಗೆಮನೆಯಲ್ಲೇ ಇದ್ದರೂ ಸರಿ, ರೇಡಿಯೊ ಜೋರಾಗಿ ಹಾಕಿಕೊಂಡರೂ ಸರಿ. ನಾನು ಒಂದು ಮೂಲೆಯಲ್ಲಿ ಕೂರುತ್ತೇನೆ, ತರಕಾರಿ ಕೊಟ್ಟರೆ ಹೆಚ್ಚುತ್ತೇನೆ, ಐದಕ್ಕೆ ಎದ್ದು ಹೋಗುತ್ತೇನೆ. ನಿಮ್ಮ ಮನೆಯನ್ನು ನನ್ನದು ಮಾಡಿಕೊಳ್ಳುವ ಯೋಚನೆ ಇಲ್ಲ, ಮತ್ತೆ ಒಂದಾಗುವ ನಾಟಕವೂ ಅಲ್ಲ. ಅದನ್ನು ಚಿಟಿಕೆಗೂ ಇಬ್ಬರೂ ಸೇರಿ ಹೇಳಿದ್ದೇವೆ, ಅವಳು ದೊಡ್ಡವರಂತೆ ತಲೆಯಾಡಿಸಿ, ಗೊತ್ತು, ಆಫ್ ಅಷ್ಟೇ ಎಂದಳು. ವಾರಕ್ಕೆ ಏಳು ಗಂಟೆ ಆ ಮಗು ಯಾರನ್ನೂ ನೆನಪು ಮಾಡಿಕೊಳ್ಳದೆ ಸುಮ್ಮನೆ ಆಡಿಕೊಂಡಿರಲಿ. ಬೇಡ ಎನ್ನುವುದಾದರೆ ಶನಿವಾರದೊಳಗೆ ನಿನ್ನ ಸೊಸೆಗೆ ಒಂದು ಮಾತು ಹೇಳು, ಅವಳು ಲೈಬ್ರರಿಯಲ್ಲಿ ನನಗೆ ಹೇಳುತ್ತಾಳೆ. ಆಗ ಚಿಟಿಕೆಗೆ ಏನು ಹೇಳಬೇಕೆಂದು ನಾನು ಯೋಚಿಸಿಲ್ಲ. ನೀನು ಸುಮ್ಮನಿದ್ದರೆ ಅದೇ ಒಪ್ಪಿಗೆ ಎಂದು ತಿಳಿದು ಭಾನುವಾರ ಹದಿನಾಲ್ಕನೇ ನಂಬರು ಹತ್ತುತ್ತೇನೆ.

ನಿನ್ನ ಕಾಲಿಗೆ ಬಿದ್ದೆ ಎಂದು ತಿಳಿದುಕೋ, ಮೊಣಕಾಲು ನೋಯುವ ಕಾಲಾದ್ದರಿಂದ ಮೆಲ್ಲಗೆ. ನಿನ್ನ ಸೊಸೆಗೆ ಕೇಳಿದೆ ಎಂದು ಹೇಳುವುದೂ ಬಿಡುವುದೂ ನಿನ್ನಿಷ್ಟ. ಚಿಟಿಕೆಯ ಹಲ್ಲು ಇವತ್ತೋ ನಾಳೆಯೋ ಬೀಳುತ್ತದೆ, ನಿಮ್ಮ ಮನೆಯಲ್ಲಿ ಬಿದ್ದರೆ ಎತ್ತಿಟ್ಟಿರಿ, ನಾನೂ ನೋಡಬೇಕು. ಹೊರಗೆ ಗಾಳಿ ಜೋರಾಗಿದೆ, ಸಂಜೆ ವಾಕಿಂಗಿಗೆ ಕಿವಿಗೆ ಏನಾದರೂ ಸುತ್ತಿಕೊಂಡು ಹೋಗು.

ಇಂತಿ,
ನೀನು ಮಾತು ಬಿಟ್ಟರೂ ನಿನ್ನ ಮಗನೇ ಆಗಿರುವ,
ದೊಡ್ಡೋನು

ತಾ.ಕ.: ಅಂಚೆ ಡಬ್ಬಿ ಆರಕ್ಕೆ ತೆಗೆಯುತ್ತಾರೆ, ಈಗ ಐದು ಮುಕ್ಕಾಲು, ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ, ಎರಡು ವರ್ಷದಿಂದ ಹೇಳುತ್ತಿರುವ ಸುಳ್ಳು. ಆವತ್ತು ನಾನು ಆಸ್ಪತ್ರೆಗೆ ಬಂದಿದ್ದೆ ಅಮ್ಮಾ. ನಿನ್ನ ಫೋನು ಇಟ್ಟ ಕೂಡಲೇ ಹೊರಟು ಹನ್ನೆರಡು ಗಂಟೆಯ ಹೊತ್ತಿಗೆ ಮೂರನೇ ಮಹಡಿಯಲ್ಲಿದ್ದೆ. ವಾರ್ಡಿನ ಬಾಗಿಲಿಗೆ ದುಂಡಗಿನ ಗಾಜು ಇತ್ತಲ್ಲ, ಅದರಿಂದ ಕಂಡಿರಿ. ಅವಳು ಗೋಡೆಯ ಕಡೆ ತಿರುಗಿದ್ದಳು, ನೀನು ಅವಳ ಪಾದ ತಿಕ್ಕುತ್ತಿದ್ದೆ. ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟೆ. ಒಳಗೆ ಹೋಗಿ ಏನು ಹೇಳಲಿ ಎಂದು ನೋಡಿಕೊಂಡರೆ ನನ್ನೊಳಗೆ ಒಂದು ಮಾತೂ ಇರಲಿಲ್ಲ. ನರ್ಸು ಬಂದು ಯಾರನ್ನ ನೋಡ್ಬೇಕಿತ್ತು ಎಂದು ಕೇಳಿದಳು. ಯಾರನ್ನೂ ಇಲ್ಲ, ವಾರ್ಡು ತಪ್ಪಿತು ಎಂದೆ. ಡಿಪೊಗೂ ಹೋಗಲಿಲ್ಲ. ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನಲ್ಲಿ ಸಂಜೆಯವರೆಗೆ ಕೂತಿದ್ದೆ. ಬರಲಿಲ್ಲ ಎನ್ನಿಸಿಕೊಳ್ಳುವುದು, ಬಂದು ವಾಪಸು ಹೋದೆ ಎಂದು ಹೇಳುವುದಕ್ಕಿಂತ ಸುಲಭವಾಗಿತ್ತು. ಇದನ್ನು ನಿನ್ನ ಸೊಸೆಗೆ ನೀನು ಹೇಳಬೇಡ, ನಾನೇ ಹೇಳಬೇಕು, ಹೇಳುತ್ತೇನೆ. ನೀನು ಒಂದೇ ಉಪಕಾರ ಮಾಡು. ಭಾನುವಾರ ಬೆಲ್ಲಿಗಾಗಿ ಕಾಯಬೇಡ. ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಬಾಗಿಲು ತೆಗೆದಿಡು. ಅದು ಮುಚ್ಚಿದ್ದರೆ ನಾನು ಏನು ಮಾಡುವವನೆಂದು ನನಗೆ ಗೊತ್ತು.